ಅಂಕವಿಲ್ಲದ ಮೊದಲ ಪುಲ್-ಅಪ್

ಅಗ್ನಿವೀರನಾಗಲು ಹೊರಟ ಹುಡುಗನಿಗೆ ಸೇನಾ ಭರ್ತಿ ರ‍್ಯಾಲಿಯಲ್ಲಿ ದೈಹಿಕ ಪರೀಕ್ಷೆಯ ಒಟ್ಟು ಅಂಕ 100. ಅದರಲ್ಲಿ 60 ಓಟಕ್ಕೆ, 40 ಬೀಮಿಗೆ, ಅಂದರೆ ಪುಲ್-ಅಪ್‌ಗೆ. ಹತ್ತು ಸಲ ಗಲ್ಲ ಕಂಬಿಯ ಮೇಲೆ ಬಂದರೆ ಪೂರ್ತಿ 40, ಒಂಬತ್ತಕ್ಕೆ 33, ಎಂಟಕ್ಕೆ 27, ಏಳಕ್ಕೆ 21, ಆರಕ್ಕೆ 16. ಐದಕ್ಕೆ ನಿಂತವನಿಗೆ ಏನೂ ಇಲ್ಲ. ಮೊದಲನೆಯದರ ಲೆಕ್ಕವನ್ನಂತೂ ಯಾರೂ ಕೇಳುವುದಿಲ್ಲ. ಆದರೆ ಸೊನ್ನೆಯಿಂದ ಒಂದಕ್ಕೆ ಇರುವಷ್ಟು ದೂರ ಒಂದರಿಂದ ಹತ್ತಕ್ಕೂ ಇಲ್ಲ ಎಂದೇ ನಾನು ನಂಬಿದ್ದೇನೆ.

ಕಾರ್ಯಪ್ಪನವರು ಹುಟ್ಟಿದ ಶನಿವಾರಸಂತೆ, ತಿಮ್ಮಯ್ಯನವರು ಹುಟ್ಟಿದ ಮಡಿಕೇರಿ, 2007ರಿಂದ ಸೈನಿಕ ಶಾಲೆ ನಡೆಯುತ್ತಿರುವ ಕೂಡಿಗೆ: ಕೊಡಗಿನಲ್ಲಿ ಸೇನೆಯ ಮಾತು ಮನೆಮಾತು. ಇಲ್ಲಿ ಬೀಮ್ ಅಭ್ಯಾಸಕ್ಕೆ ಜಿಮ್ಮೇ ಬೇಕೆಂದಿಲ್ಲ, ಎರಡು ಸಿಲ್ವರ್ ಓಕ್ ಮರಗಳ ನಡುವೆ ಬಿಗಿದ ಒಂದು ಪೈಪು ಸಾಕು. ಮೊದಲ ಸಲ ಅದಕ್ಕೆ ಜೋತುಬಿದ್ದವನನ್ನು ಹತ್ತಿರ ನಿಂತು ನೋಡಬೇಕು. ಭುಜ ಎರಡೂ ಕಿವಿಗೆ ಅಂಟಿರುತ್ತವೆ, ಕಾಲು ಗಾಳಿಯಲ್ಲಿ ಸೈಕಲ್ ತುಳಿಯುತ್ತದೆ, ಕತ್ತಿನ ನರ ಉಬ್ಬುತ್ತದೆ. ಮೈ ಮಾತ್ರ ನಾಲ್ಕು ಬೆರಳು ಮೇಲೇರಿ ನಿಂತುಬಿಡುತ್ತದೆ.

ಅವನು ಎತ್ತಲು ಹೊರಟಿರುವುದು ಏನನ್ನು? ಐವತ್ತು ಕೆಜಿ ತೂಗುವ ಹುಡುಗನೆಂದರೆ ತೂಕದಲ್ಲಿ ಸರಿಯಾಗಿ ಒಂದು ಚೀಲ ಕಾಫಿ. ಮಾರುಕಟ್ಟೆಯಲ್ಲಿ ಪಾರ್ಚ್‌ಮೆಂಟಿಗೂ ಚೆರಿಗೂ ದರ ಹೇಳುವುದು ಇದೇ 50 ಕೆಜಿ ಚೀಲದ ಲೆಕ್ಕದಲ್ಲಿ. ಎರಡು ಕಾಲುಗಳೇ ದೇಹದ ತೂಕದ ಸುಮಾರು ಮೂರನೇ ಒಂದು ಭಾಗ, ಅಂದರೆ 16 ಕೆಜಿ. ಕೈಗಳೆರಡೂ ಸೇರಿ ತೂಗುವುದು ಹತ್ತಿರ ಹತ್ತಿರ 5 ಕೆಜಿ. ಐದು ಕೆಜಿಯ ಕೈಗಳು ಬೆನ್ನಿನ ನೆರವು ಪಡೆದು ಉಳಿದ 45 ಕೆಜಿಯನ್ನು ಅರ್ಧ ಮೀಟರ್ ಮೇಲಕ್ಕೆ ಒಯ್ಯಬೇಕು.

ಇನ್ನೂ ಒಳಗೆ ಹೋದರೆ ಲೆಕ್ಕ ತಲೆ ತಿರುಗಿಸುತ್ತದೆ. ಸ್ನಾಯುವಿನಲ್ಲಿ ನಿಜವಾಗಿ ಎಳೆಯುವ ಕೆಲಸ ಮಾಡುವುದು ಮಯೋಸಿನ್ ಎಂಬ ಪ್ರೋಟೀನಿನ ಪುಟ್ಟ ತಲೆಗಳು. ಒಂದು ತಲೆ ಒಂದು ಸಲ ಎಳೆದರೆ ಸರಿಯುವ ದೂರ ಹೆಚ್ಚೆಂದರೆ ಮಿಲಿಮೀಟರಿನ ಲಕ್ಷದಲ್ಲೊಂದು ಭಾಗ. ಅದರ ಬಲ ಒಂದು ನ್ಯೂಟನ್ನಿನ ಲಕ್ಷ ಕೋಟಿಯಲ್ಲಿ ಕೆಲವೇ ಪಾಲು. ಐವತ್ತು ಕೆಜಿಯನ್ನು ತಡೆದು ನಿಲ್ಲಿಸಲು ಇಂಥ ತಲೆಗಳು ಕನಿಷ್ಠ ನೂರು ಲಕ್ಷ ಕೋಟಿ ಒಟ್ಟಿಗೆ ಹಿಡಿದಿರಬೇಕು. ಇದೂ ಕಡಿಮೆ ಅಂದಾಜೇ. ಸ್ನಾಯು ಮೂಳೆಗೆ ಅಂಟಿರುವುದು ಕೀಲಿನ ತೀರ ಪಕ್ಕದಲ್ಲಿ, ಆದ್ದರಿಂದ ಅದು ಎತ್ತುವ ತೂಕಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಎಳೆಯಬೇಕಾಗುತ್ತದೆ.

ಇಷ್ಟೆಲ್ಲಕ್ಕೆ ಇಂಧನ ಎಷ್ಟು ಬೇಕು ಎಂದು ಕೇಳಿದರೆ ಉತ್ತರ ಅಚ್ಚರಿಯದು. ಐವತ್ತು ಕೆಜಿ ಅರ್ಧ ಮೀಟರ್ ಏರಿದರೆ ಆಗುವ ಕೆಲಸ 245 ಜೂಲ್. ಸ್ನಾಯುವಿನಲ್ಲಿ ಶಾಖವಾಗಿ ಪೋಲಾಗುವುದನ್ನು ಸೇರಿಸಿದರೂ ಖರ್ಚು ಒಂದು ಕಿಲೊಕ್ಯಾಲೊರಿಯ ಮೂರನೇ ಒಂದು ಭಾಗವನ್ನೂ ಮುಟ್ಟದು. ಕಾಫಿಗೆ ಹಾಕುವ ಒಂದು ಚಮಚ ಸಕ್ಕರೆಯಲ್ಲಿ ಐವತ್ತು ಪುಲ್-ಅಪ್‌ಗೆ ಸಾಲುವಷ್ಟು ಶಕ್ತಿ ಇದೆ! ಒಂದನ್ನೂ ಮಾಡಲಾಗದ ಹುಡುಗ ಕೆಳಗಿಳಿಯುವಾಗ ಅವನ ರಕ್ತದಲ್ಲಿ ಸಕ್ಕರೆಗೇನೂ ಬರವಿರುವುದಿಲ್ಲ.

ಕೊರತೆ ಇರುವುದು ಆಜ್ಞೆಯಲ್ಲಿ. ಹೊಸಬನ ನರಮಂಡಲಕ್ಕೆ ಬೆನ್ನಿನ ಅಗಲ ಸ್ನಾಯುಗಳನ್ನು, ತೋಳನ್ನು, ಮುಂಗೈಯನ್ನು ಒಂದೇ ಕ್ಷಣಕ್ಕೆ ಎಬ್ಬಿಸಿ ದುಡಿಸುವ ರೂಢಿಯಿಲ್ಲ. 1979ರಲ್ಲಿ ಮೊರಿಟಾನಿ ಮತ್ತು ಡಿವ್ರೀಸ್ ಎಂಬ ಸಂಶೋಧಕರು ಎಂಟು ವಾರಗಳ ತರಬೇತಿಯನ್ನು ಅಳೆದು ತೋರಿಸಿದ್ದೂ ಇದನ್ನೇ: ಮೊದಲ ವಾರಗಳಲ್ಲಿ ಹೆಚ್ಚುವ ಬಲದ ದೊಡ್ಡ ಪಾಲು ನರಗಳದ್ದು, ಸ್ನಾಯು ದಪ್ಪವಾಗುವುದರ ಪಾಲು ಮುಂದಾಗುವುದು ಆಮೇಲೆ. ತೋಳು ಕನ್ನಡಿಯಲ್ಲಿ ಬದಲಾಗದಿದ್ದರೂ ಒಳಗೆ ಕೆಲಸ ನಡೆದಿರುತ್ತದೆ. ಎರಡನೇ ವಾರಕ್ಕೇ ಕೈಚೆಲ್ಲುವವರಿಗೆ ಇದು ಗೊತ್ತಿರಬೇಕಿತ್ತು ಎಂದು ನನಗೆ ಸಂಕಟವಾಗುತ್ತದೆ.

ಈ ದೇಹ ಎಲ್ಲಿಯವರೆಗೆ ಹೋಗಬಲ್ಲದು ಎನ್ನುವುದಕ್ಕೆ ಅಮೆರಿಕದ ನೌಕಾಪಡೆಯ ಡೇವಿಡ್ ಗಾಗಿನ್ಸ್ ಸಾಕ್ಷಿ. ಹಿಂದಿನ ಯತ್ನಗಳು ಕೈಕೊಟ್ಟ ಮೇಲೆ 2013ರ ಜನವರಿಯಲ್ಲಿ ಅವರು 17 ಗಂಟೆಯಲ್ಲಿ 4,030 ಪುಲ್-ಅಪ್ ಮಾಡಿದರು. ಒಂದಕ್ಕೆ ಅರ್ಧ ಮೀಟರಿನಂತೆ 2,015 ಮೀಟರ್. ನಮ್ಮ ತಡಿಯಂಡಮೋಳ್ ಸಮುದ್ರಮಟ್ಟದಿಂದ 1,748 ಮೀಟರ್. ಕಡಲ ದಡದಿಂದ ಆ ತುದಿಯವರೆಗೆ, ಇನ್ನೂ ಮೇಲಕ್ಕೆ, ಬರಿಗೈಯಲ್ಲಿ!

ಮೊದಲನೆಯದಕ್ಕೆ ದಾರಿ ಕೆಳಮುಖವಾಗಿದೆ. ಎತ್ತಲಾಗದ ಭಾರವನ್ನೂ ಸ್ನಾಯು ತಡೆದು ಇಳಿಸಬಲ್ಲದು. ಸ್ಟೂಲು ಹತ್ತಿ ಗಲ್ಲವನ್ನು ಪೈಪಿನ ಮೇಲಿಟ್ಟು, ಕಾಲು ತೆಗೆದು, ಮೂರು ಸೆಕೆಂಡಿನಲ್ಲಿ ಇಳಿಯಬೇಕು. ಮುಂದೆ ಐದು, ಆಮೇಲೆ ಎಂಟು. ಅದರ ಜೊತೆಗೆ ಸುಮ್ಮನೆ ಜೋತುಬಿದ್ದು, ಮೊಣಕೈ ಮಡಿಸದೆ, ಭುಜವನ್ನಷ್ಟೇ ಕಿವಿಯಿಂದ ಕೆಳಗೆಳೆಯುವುದು. ಬೆನ್ನನ್ನು ಎಬ್ಬಿಸುವುದು ಈ ಎರಡು ಬೆರಳಿನಷ್ಟು ಚಲನೆಯೇ, ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಇಳಿಸುವ ಅಭ್ಯಾಸದ ಮೈಕೈ ನೋವು ಜೋರಾಗುವುದು ಒಂದರಿಂದ ಮೂರು ದಿನದೊಳಗೆ, ಹಾಗಾಗಿ ವಾರಕ್ಕೆ ಮೂರು ದಿನಕ್ಕಿಂತ ಹೆಚ್ಚು ಬೇಡ. ಮಳೆಗಾಲದಲ್ಲಿ ಪೈಪು ಜಾರುತ್ತದೆ. ಜೂನ್ ಹಿಡಿಯುವ ಮೊದಲೇ ಅದನ್ನು ಗೋದಾಮಿನ ಮಾಡಿನಡಿಗೆ ತಂದು ಕಟ್ಟಿಕೊಳ್ಳುವುದು ಒಳ್ಳೆಯದು.