ಅಜ್ಜಿ ಹೊಲಿದ ಗಗನಯಾತ್ರಿಯ ದಿರಿಸು

ಆನೆಯೊಂದು ಸೊಂಡಿಲು ಚಾಚಿ ಗಗನಯಾತ್ರಿಯನ್ನು ತಬ್ಬಿಕೊಂಡಿದೆ. ಅವನ ತಲೆಗೆ ಗಾಜಿನ ಬುರುಡೆಯಂಥ ಹೆಲ್ಮೆಟ್. ಮೈಮೇಲೆ ನಾಸಾದ ಬಿಳಿ ಉಡುಪಲ್ಲ, ಸಂತೆಯಲ್ಲಿ ಕೊಂಡಂತಿರುವ ಢಾಳು ಚಿತ್ತಾರದ ಬಟ್ಟೆ. ನೋಡಿದ ಕೂಡಲೇ ಕಣ್ಣು 'ಇದು ಆಫ್ರಿಕಾ' ಎಂದು ತೀರ್ಪು ಕೊಟ್ಟುಬಿಡುತ್ತದೆ. ಆದರೆ ಕ್ರಿಸ್ಟಿನಾ ಡಿ ಮಿಡೆಲ್ ಅವರ 'ದಿ ಆಫ್ರೊನಾಟ್ಸ್' ಪುಸ್ತಕದ ಬಹುಪಾಲು ಫೋಟೊಗಳನ್ನು ತೆಗೆದದ್ದು ಅವರ ಸ್ವಂತ ದೇಶ ಸ್ಪೇನಿನಲ್ಲಿ. ದಿರಿಸು ಹೊಲಿದುಕೊಟ್ಟದ್ದು ಅವರ ಅಜ್ಜಿ.

ಪುಸ್ತಕದ ಹಿಂದಿನ ಕಥೆಯೇನೋ ನಿಜ. 1964ರಲ್ಲಿ ಜಾಂಬಿಯಾ ಸ್ವತಂತ್ರವಾದಾಗ ಎಡ್ವರ್ಡ್ ಮಕುಕಾ ಎನ್‌ಕೊಲೊಸೊ ಎಂಬ ಮೇಷ್ಟ್ರು ಅಮೆರಿಕ, ರಷ್ಯಾಗಳಿಗಿಂತ ಮೊದಲೇ ಚಂದ್ರನಲ್ಲಿಗೆ ಜನರನ್ನು ಕಳಿಸಲು ಹೊರಟರು. ಎಣ್ಣೆ ಪೀಪಾಯಿಯೊಳಗೆ ಶಿಷ್ಯರನ್ನು ಕೂರಿಸಿ ದಿನ್ನೆಯಿಂದ ಉರುಳಿಸುವುದೇ ತರಬೇತಿ. ಹೊರಡಬೇಕಿದ್ದವರಲ್ಲಿ ಮಾಥಾ ಮ್ವಾಂಬಾ ಎಂಬ 17ರ ಹುಡುಗಿ, ಜತೆಗೆರಡು ಬೆಕ್ಕು. ಕೇಳಿದ ಹಣ ಎಲ್ಲೂ ಹುಟ್ಟಲಿಲ್ಲ. ಹುಡುಗಿ ಬಸುರಿಯಾದಳು, ಹೆತ್ತವರು ಮನೆಗೆ ಕರೆದೊಯ್ದರು. ಮೇಷ್ಟ್ರಿಗೆ ಹುಚ್ಚಿತ್ತೋ, ಬಿಳಿಯರನ್ನು ಕಿಚಾಯಿಸುತ್ತಿದ್ದರೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಡಿ ಮಿಡೆಲ್ ಹಲವು ವರ್ಷ ಪತ್ರಿಕೆಗಳಿಗೆ ಸುದ್ದಿಚಿತ್ರ ತೆಗೆದವರು. ಆ ಕೆಲಸದ ಮೇಲೆ ನಂಬಿಕೆ ಕಳೆದುಕೊಂಡೇ ಹೀಗೆ ದೃಶ್ಯ ಕಟ್ಟಿ ಫೋಟೊ ತೆಗೆಯುವ ದಾರಿ ಹಿಡಿದರು. ನಮ್ಮಲ್ಲೂ ಸಭೆಯ ವೇದಿಕೆಯಲ್ಲಿ "ಸಾರ್, ಇನ್ನೊಂದ್ಸಲ ಹಾರ ಹಾಕಿ" ಎಂದು ಫೋಟೊಗ್ರಾಫರ್ ಕೂಗಿದರೆ, ಸಚಿವರ ಕೊರಳಿಗೆ ಅದೇ ಹಾರ ಎರಡನೇ ಬಾರಿ ಬೀಳುತ್ತದೆ. ಮರುದಿನ ಮುಖಪುಟಕ್ಕೆ ಬರುವುದು ಆ ಎರಡನೆಯದು. ಅದನ್ನು ಯಾರೂ ನಾಟಕ ಎನ್ನುವುದಿಲ್ಲ. ಡಿ ಮಿಡೆಲ್ ತಮ್ಮದು ನಾಟಕವೆಂದು ಹೇಳಿಯೇ ಆಡಿಸುತ್ತಾರೆ. ನನಗೆ ಅದೇ ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ.

'ದಿ ಆಫ್ರೊನಾಟ್ಸ್' ಪುಸ್ತಕದ, 2012ರಲ್ಲಿ ಸ್ವಂತವಾಗಿ ಅಚ್ಚು ಹಾಕಿಸಿದ ಸಾವಿರ ಪ್ರತಿಗಳು ಬೇಗನೆ ಖರ್ಚಾದವು. ಮರುವರ್ಷ ಡಾಯ್ಚ ಬೋರ್ಸ್ ಫೋಟೊಗ್ರಫಿ ಪ್ರಶಸ್ತಿಯ ಅಂತಿಮ ಪಟ್ಟಿ. 2022ರಲ್ಲಿ ಮ್ಯಾಗ್ನಮ್ ಫೋಟೊ ಸಂಸ್ಥೆಯ ಅಧ್ಯಕ್ಷಗಿರಿಯೂ ಬಂತು. ರಾಬರ್ಟ್ ಕಾಪಾ, ಕಾರ್ತಿಯೆ-ಬ್ರೆಸೊ ಅವರಂಥವರು ಕಟ್ಟಿದ ಮನೆಯ ಯಜಮಾನಿಕೆ, ಸುಳ್ಳು ಕಟ್ಟುವುದನ್ನು ಮುಚ್ಚಿಡದ ಈಕೆಗೆ!

ಅವರ 'ಜೆಂಟಲ್‌ಮೆನ್ಸ್ ಕ್ಲಬ್' ಫೋಟೊ ಸರಣಿ ಇನ್ನೊಂದು ಬಗೆ. ವೇಶ್ಯಾವಾಟಿಕೆಯ ಬಗ್ಗೆ ಫೋಟೊ ಎಂದರೆ ಮಬ್ಬು ದೀಪ, ತಲೆ ತಗ್ಗಿಸಿದ ಹೆಣ್ಣು. ಗಿರಾಕಿ ಮಾತ್ರ ಚೌಕಟ್ಟಿನಾಚೆ. ಡಿ ಮಿಡೆಲ್ ಬ್ರೆಜಿಲಿನ ರಿಯೊದಲ್ಲಿ ಪತ್ರಿಕೆಗೆ ಜಾಹೀರಾತು ಕೊಟ್ಟರು: ಹಣ ಕೊಟ್ಟು ಸಂಗ ಮಾಡಿದ ಗಂಡಸರು ಬೇಕಾಗಿದ್ದಾರೆ, ಫೋಟೊಗೆ ಕೂತರೆ ಸಂಭಾವನೆ ಉಂಟು. ಬಂದರು, ಮಾತಾಡಿದರು, ಕ್ಯಾಮೆರಾ ಮುಂದೆ ಕೂತರು. ಈ ಸಲ ಹಣ ಪಡೆದವರೂ ಅವರೇ.