ಮಗು ಪದೇ ಪದೇ ಕೈ ತೊಳೀತಾ ಇದೆಯಾ? ಬೈಯಬೇಡಿ, ಹಾಗಂತ ಭಯ ಹೇಳಿದಂತೆ ಕುಣಿಯಲೂ ಬೇಡಿ

ಒಂದು ದಿನಸಿ ಅಂಗಡಿ ಮನೆ ಅಂದುಕೊಳ್ಳಿ. ಮುಂದೆ ಅಂಗಡಿ, ಹಿಂದೆ ಮನೆ. ಆರನೇ ಕ್ಲಾಸಿನ ಮಗಳು ಸಂಜೆ ಗಲ್ಲಾ ಹತ್ತಿರ ಕೂತು ಚಿಲ್ಲರೆ ಎಣಿಸಿ ಕೊಡ್ತಿದ್ದಳು. ಎರಡು ತಿಂಗಳಿಂದ ಆ ಕಡೆ ಸುಳೀತಿಲ್ಲ. ನೋಟು ಮುಟ್ಟಿದರೆ ರೋಗ ಅಂಟುತ್ತೆ, ತನ್ನಿಂದ ಅಮ್ಮನಿಗೂ ಬಂದು ಅಮ್ಮ ಸತ್ತು ಹೋಗ್ತಾಳೆ ಅನ್ನೋ ಭಯ. ಕೈ ತೊಳೆಯೋಕೆ ಹೋದರೆ ಅರ್ಧ ಗಂಟೆ. ಬೆರಳ ಸಂದಿಯಲ್ಲಿ ಚರ್ಮ ಒಡೆದಿದೆ. ರಾತ್ರಿ ಮಲಗೋ ಮುಂಚೆ "ಅಮ್ಮಾ, ನಿಂಗೇನೂ ಆಗಲ್ಲ ತಾನೇ?" ಅಂತ ಇಪ್ಪತ್ತು ಸಲ ಕೇಳಬೇಕು.

ಅಪ್ಪ ಗದರುತ್ತಾರೆ. ಅಮ್ಮನಿಗೆ ಕರುಳು ಚುರುಕ್ ಅನ್ನುತ್ತೆ. ಹೊಸ ಸೋಪು ತಂದು ಕೊಡ್ತಾರೆ, ಇಪ್ಪತ್ತು ಸಲವೂ "ಏನೂ ಆಗಲ್ಲ ಕಂದಾ" ಅಂತಾರೆ, ಅಂಗಡಿಯಿಂದ ಒಳಗೆ ಬರೋ ಮುಂಚೆ ತಾವೂ ಕೈ ತೊಳೀತಾರೆ. ಇಬ್ಬರಿಗೂ ಮಗಳ ಮೇಲೆ ಪ್ರೀತಿ ಇದೆ. ಆದರೆ ಗದರಿದರೂ ಭಯ ಹೆಚ್ಚುತ್ತೆ, ಕೇಳಿದ್ದೆಲ್ಲ ಮಾಡಿಕೊಟ್ಟರೂ ಭಯ ಹೆಚ್ಚುತ್ತೆ.

ಇದು ಯಾವುದೋ ಒಂದು ಮನೆಯ ಕಥೆ ಅಲ್ಲ, ವಿಷಯ ಅರ್ಥವಾಗಲಿ ಅಂತ ಕೊಟ್ಟ ಉದಾಹರಣೆ. ಆದರೆ ಇಂಥ ಮನೆಗಳು ಎಲ್ಲ ಊರಲ್ಲೂ ಇವೆ.

ಇದು ಮಡಿಯೂ ಅಲ್ಲ, ಹಟವೂ ಅಲ್ಲ

ಇದಕ್ಕೆ ವೈದ್ಯರು ಒಸಿಡಿ ಅಂತಾರೆ, ಕನ್ನಡದಲ್ಲಿ ಗೀಳು ಕಾಯಿಲೆ. ಬೇಡ ಅಂದರೂ ಮನಸ್ಸಿಗೆ ಮತ್ತೆ ಮತ್ತೆ ನುಗ್ಗುವ ಯೋಚನೆ ಒಂದು ಭಾಗ. ಆ ಸಂಕಟ ತಡೆಯಲಾರದೆ ಮಾಡಿದ್ದನ್ನೇ ಮಾಡುವುದು ಇನ್ನೊಂದು ಭಾಗ. ತೊಳೆಯುವುದು, ಎಣಿಸುವುದು, ಬೀಗ ನೋಡುವುದು, ಬರೆದದ್ದನ್ನು ಅಳಿಸಿ ಬರೆಯುವುದು, ಕೇಳಿದ್ದನ್ನೇ ಕೇಳುವುದು, ಹೀಗೆ.

ಮಡಿ ಮಾಡುವವರು ಮುಗಿಸಿ ಸಮಾಧಾನದಿಂದ ಎದ್ದು ಬರುತ್ತಾರೆ. ಗೀಳಿನ ಮಗುವಿಗೆ ಆ ಸಮಾಧಾನ ಎರಡು ನಿಮಿಷವೂ ನಿಲ್ಲುವುದಿಲ್ಲ. ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಇದರಲ್ಲೇ ಹೋದರೆ, ಅಥವಾ ಶಾಲೆ, ಊಟ, ನಿದ್ದೆ ಕೆಟ್ಟರೆ ವೈದ್ಯರಿಗೆ ತೋರಿಸಬೇಕು.

ತಾಯಿಯ ತಪ್ಪಾ?

ಖಂಡಿತ ಅಲ್ಲ. "ನೀನು ಸರಿಯಾಗಿ ನೋಡ್ಕೊಳ್ಳಲಿಲ್ಲ" ಅಂತ ಮನೆಯಲ್ಲಿ ಮೊದಲು ಬೆರಳು ತೋರಿಸುವುದು ತಾಯಿಯ ಕಡೆಗೇ. ಗೀಳು ಕಾಯಿಲೆಯಲ್ಲಿ ಮೆದುಳಿನ ಕೆಲಸದಲ್ಲೇ ವ್ಯತ್ಯಾಸ ಇರುತ್ತದೆ, ವಂಶದ ಪಾಲೂ ಇದೆ. ಪ್ರೀತಿ ಕಮ್ಮಿಯಾಗಿ ಬರುವ ಕಾಯಿಲೆ ಇದಲ್ಲ.

ಈಗ ಕೆಲವರು ಬಾಂಧವ್ಯ ಆಧಾರಿತ ಚಿಕಿತ್ಸೆ ಅನ್ನುವ ಹೆಸರು ಹೇಳುತ್ತಾರೆ. ಇದರ ಬೇರು ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ ಅವರ ವಿಚಾರದಲ್ಲಿದೆ. ಹೆದರಿದ ಮಗು ನಂಬಿದ ದೊಡ್ಡವರ ಹತ್ತಿರ ಓಡಿ ಬರುತ್ತದೆ, ಅಲ್ಲಿ ಧೈರ್ಯ ಸಿಕ್ಕರೆ ಮತ್ತೆ ಹೊರಗೆ ಹೋಗುತ್ತದೆ. ಈ ನಂಟು ಮಗುವಿನ ಮನಸ್ಸಿಗೆ ಅಡಿಪಾಯ ಅಂತ ಅವರು ವಿವರಿಸಿದರು. ಇದು ಬೆಲೆಯುಳ್ಳ ಮಾತು. ಆದರೆ ಬಾಂಧವ್ಯದ ಚಿಕಿತ್ಸೆಯೊಂದರಿಂದಲೇ ಗೀಳು ವಾಸಿಯಾಗುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ.

ಅದೇ ಹೆಸರಿನಲ್ಲಿ ಮಗುವನ್ನು ಬಲವಂತವಾಗಿ ಅದುಮಿ ಹಿಡಿಯುವ ಪದ್ಧತಿಯೂ ವಿದೇಶಗಳಲ್ಲಿ ನಡೆದಿದೆ. ಅಮೆರಿಕದ ಕೊಲರಾಡೊದಲ್ಲಿ 2000ದಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳು ಇಂಥ ಪ್ರಯೋಗದಲ್ಲಿ ಉಸಿರುಗಟ್ಟಿ ಸತ್ತಳು. ಯಾರು ಏನೇ ಹೆಸರು ಹೇಳಿದರೂ, ಮಗುವನ್ನು ಹಿಡಿದು ಅದುಮುವ ಚಿಕಿತ್ಸೆ ಬೇಡವೇ ಬೇಡ.

ಹಾಗಾದರೆ ಕೆಲಸ ಮಾಡೋದು ಯಾವುದು?

ಹೆಚ್ಚು ಪರೀಕ್ಷೆಗೆ ಒಳಗಾಗಿ ನಿಂತಿರುವುದು ಭಯವನ್ನು ಸ್ವಲ್ಪ ಸ್ವಲ್ಪವೇ ಎದುರಿಸುವ ತರಬೇತಿ. ಮಗು ನೋಟು ಮುಟ್ಟಬೇಕು, ತಕ್ಷಣ ಕೈ ತೊಳೆಯಬಾರದು. ಮೊದಲ ದಿನ ಒಂದು ರೂಪಾಯಿ ನಾಣ್ಯ, ಐದು ನಿಮಿಷ. ಆಮೇಲೆ ಹತ್ತು ನಿಮಿಷ. ಆಮೇಲೆ ಹಳೇ ನೋಟು. ಸಂಕಟ ಮೇಲೇರಿ, ತೊಳೆಯದೇ ಇದ್ದರೂ ತಾನಾಗೇ ಇಳಿಯುತ್ತದೆ. ಇಳಿಯದಿದ್ದರೂ ತಡೆದುಕೊಳ್ಳಬಹುದು. ಇದು ಮಗುವಿನ ಅನುಭವಕ್ಕೆ ಬರಬೇಕು, ಬಾಯಿಮಾತಲ್ಲಿ ಹೇಳಿದರೆ ಆಗದು.

ಅಮೆರಿಕದಲ್ಲಿ 7ರಿಂದ 17 ವರ್ಷದ 112 ಮಕ್ಕಳ ಮೇಲೆ ನಡೆದ ಒಂದು ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಈ ತರಬೇತಿ ಮತ್ತು ಸರ್ಟ್ರಲೀನ್ ಮಾತ್ರೆ ಎರಡನ್ನೂ ಪಡೆದವರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಕ್ಕಳಿಗೆ ಕಾಯಿಲೆ ಬಹುತೇಕ ಹಿಡಿತಕ್ಕೆ ಬಂತು. ತರಬೇತಿ ಮಾತ್ರ ಪಡೆದವರಲ್ಲಿ ನೂರಕ್ಕೆ ಸುಮಾರು 39, ಮಾತ್ರೆ ಮಾತ್ರ ತೆಗೆದುಕೊಂಡವರಲ್ಲಿ ಸುಮಾರು 21, ಔಷಧವೇ ಇಲ್ಲದ ಸುಳ್ಳು ಮಾತ್ರೆ ಕೊಟ್ಟವರಲ್ಲಿ ನಾಲ್ಕಕ್ಕಿಂತ ಕಮ್ಮಿ.

ಎಲ್ಲ ಮಕ್ಕಳಿಗೂ ಮಾತ್ರೆ ಬೇಕಾಗಲ್ಲ. ಬೇಕಾದರೆ ವೈದ್ಯರೇ ಬರೆಯಬೇಕು. ಪರಿಣಾಮ ಕಾಣೋಕೆ ವಾರಗಟ್ಟಲೆ ಬೇಕು. ನಡುವೆ ನೀವೇ ನಿಲ್ಲಿಸಬೇಡಿ.

ನಿಮ್ಮ ನಂಟು ಉಪಯೋಗಕ್ಕೆ ಬರೋದು ಇಲ್ಲೇ

ಗೀಳಿನ ಮಗುವಿನ ಮನೆಯವರೆಲ್ಲ ತಮಗೆ ಗೊತ್ತಿಲ್ಲದೆ ಗೀಳಿನ ಕೆಲಸದಲ್ಲಿ ಪಾಲುದಾರರಾಗುತ್ತಾರೆ. ಮೇಲಿನ ಉದಾಹರಣೆಯ ಅಮ್ಮ "ಏನೂ ಆಗಲ್ಲ" ಅಂದ ಕೂಡಲೇ ಮಗಳಿಗೆ ಕ್ಷಣ ಹೊತ್ತು ಆರಾಮ. ಆದರೆ ಅಮ್ಮ ಹೇಳಿದ್ದರಿಂದಲೇ ಉಳಿದೆವು ಅಂತ ಮನಸ್ಸು ಪಾಠ ಕಲಿಯುತ್ತೆ. ನಾಳೆ ಮೂವತ್ತು ಸಲ ಕೇಳಬೇಕಾಗುತ್ತೆ. ಕೈಸಾಲ ತೀರಿಸೋಕೆ ಮೀಟರ್ ಬಡ್ಡಿಗೆ ದುಡ್ಡು ತಂದಂಗೆ.

ಹಾಗಂತ ಒಂದೇ ದಿನ ಎಲ್ಲ ನಿಲ್ಲಿಸಿದರೆ ಮಗುವಿಗೆ ಕೈಬಿಟ್ಟಂತೆ ಅನ್ನಿಸುತ್ತೆ. ಯೇಲ್ ವಿಶ್ವವಿದ್ಯಾಲಯದ ಎಲಿ ಲೆಬೋವಿಟ್ಜ್ ಅವರು ತಂದೆತಾಯಿಗಳಿಗೇ ತರಬೇತಿ ಕೊಡುವ ಕ್ರಮವೊಂದನ್ನು ರೂಪಿಸಿದ್ದಾರೆ. ಆತಂಕದ ಕಾಯಿಲೆ ಇದ್ದ 124 ಮಕ್ಕಳ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಮಗುವಿಗೇ ನೇರವಾಗಿ ಚಿಕಿತ್ಸೆ ಕೊಟ್ಟಷ್ಟೇ ಒಳ್ಳೆಯ ಫಲ ತಂದೆತಾಯಿಯ ತರಬೇತಿಯಿಂದಲೂ ಬಂತು. ಗೀಳು ಇರುವ ಮಕ್ಕಳ ಮನೆಯವರಿಗೂ ಈ ಕ್ರಮ ಬಳಸುತ್ತಾರೆ. ಅದರ ತಿರುಳು ಹೀಗಿದೆ:

- ಗೀಳಿಗಾಗಿ ಮನೆಯವರು ಏನೇನು ಮಾಡ್ತಿದ್ದೀರಿ ಅಂತ ಒಂದು ಹಾಳೆಯಲ್ಲಿ ಬರೆಯಿರಿ.
- ಅದರಲ್ಲಿ ಒಂದನ್ನು ಮಾತ್ರ ಆರಿಸಿ. ಉದಾಹರಣೆಗೆ, ರಾತ್ರಿಯ ಪ್ರಶ್ನೆಗೆ ಉತ್ತರ ಕೊಡುವುದು.
- ಮಗು ಅಳುತ್ತಿರುವಾಗ ಅಲ್ಲ, ಆರಾಮಾಗಿರುವಾಗ ಮುಂಚೆಯೇ ಹೇಳಿ: "ನಾಳೆಯಿಂದ ಆ ಪ್ರಶ್ನೆಗೆ ಒಂದೇ ಸಲ ಉತ್ತರ ಹೇಳ್ತೀನಿ."
- ಮಗು ಮತ್ತೆ ಕೇಳಿದಾಗ: "ನಿಂಗೆ ತುಂಬಾ ಭಯ ಆಗ್ತಿದೆ ಅಂತ ಗೊತ್ತು ಪುಟ್ಟಾ. ತಡ್ಕೊಳ್ಳೋ ಶಕ್ತಿ ನಿಂಗಿದೆ. ನಾನು ಇಲ್ಲೇ ಇದೀನಿ."
- ಅಪ್ಪ, ಅಜ್ಜಿ, ಅತ್ತೆ ಎಲ್ಲರೂ ಒಂದೇ ಮಾತಿಗೆ ನಿಲ್ಲಬೇಕು. ಅಮ್ಮ ನಿಲ್ಲಿಸಿದ್ದನ್ನು ಅಜ್ಜಿ ಶುರು ಮಾಡಿದರೆ ಲೆಕ್ಕ ಮತ್ತೆ ಮೊದಲಿಗೆ.

ಮೊದಲ ಕೆಲವು ದಿನ ಅಳು, ಕೋಪ ಜಾಸ್ತಿಯಾಗಬಹುದು. ಆಗ ಗದರಬೇಡಿ, ಹೊಡೆಯಬೇಡಿ, ಸೋಪು ಬಚ್ಚಿಡಬೇಡಿ, ನೆಂಟರ ಮುಂದೆ ಹಾಸ್ಯ ಮಾಡಬೇಡಿ. ನೀವು ಬದಲಿಸುತ್ತಿರುವುದು ನಿಮ್ಮ ನಡವಳಿಕೆಯನ್ನು, ಮಗುವಿನ ಕೈ ಹಿಡಿದು ಎಳೆಯುತ್ತಿಲ್ಲ. ಮಗುವನ್ನು ಹತ್ತಿರ ಇಟ್ಟುಕೊಳ್ಳಿ, ಗೀಳನ್ನು ದೂರ ಇಡಿ. ಇದನ್ನು ತಜ್ಞರ ಸಲಹೆ ಪಡೆದೇ ಶುರು ಮಾಡುವುದು ಒಳ್ಳೆಯದು.

ಎಲ್ಲಿ ತೋರಿಸಬೇಕು?

ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416. ಕರೆ ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ವಿಭಾಗ ಇದೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ನೋಡುವ ವ್ಯವಸ್ಥೆ ಇದೆ. ನಿಮ್ಮ ಆಸ್ಪತ್ರೆಗೆ ಯಾವ ಮಂಗಳವಾರ ಬರುತ್ತಾರೆ ಅಂತ ಮೊದಲೇ ವಿಚಾರಿಸಿಕೊಂಡು ಹೋಗಿ. ಹೆಚ್ಚಿನ ಚಿಕಿತ್ಸೆ ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವೂ, ಗೀಳು ಕಾಯಿಲೆಗೇ ಬೇರೆ ಕ್ಲಿನಿಕ್ಕೂ ಇವೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ.

ಎರಡು ಸಂದರ್ಭದಲ್ಲಿ ಕಾಯಬೇಡಿ. ಗಂಟಲು ನೋವು, ಜ್ವರ ಬಂದುಹೋದ ಮೇಲೆ ಒಂದೆರಡು ದಿನದಲ್ಲೇ ದಿಢೀರನೆ ಗೀಳು ಶುರುವಾಗಿದ್ದರೆ ವೈದ್ಯರಿಗೆ ಅದನ್ನು ಬಿಡದೆ ಹೇಳಿ. ಮಗು ಸಾಯುವ ಮಾತಾಡಿದರೆ ಅಥವಾ ಊಟ ನೀರು ಬಿಟ್ಟರೆ ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಇನ್ನೊಂದು ಮಾತು ಅಂಗಡಿಯವರಿಗೆ. ಸಾಮಾನು ತಗೊಳ್ಳೋಕೆ ಬಂದ ಮಗು ಚಿಲ್ಲರೆ ಕೈಗೆ ತಗೊಳ್ಳೋಕೆ ಹಿಂಜರಿದರೆ, ಎಣಿಸಿದ್ದನ್ನೇ ನಾಲ್ಕು ಸಲ ಎಣಿಸಿದರೆ "ಬೇಗ ಹೋಗು" ಅಂತ ರೇಗಬೇಡಿ. ಒಂದು ನಿಮಿಷ ಕಾಯಿರಿ. ಆ ಮಗುವಿಗೆ ಅದೇ ದೊಡ್ಡ ಉಪಕಾರ.