ಹಾರಾಟ ಒಂದು ಗಂಟೆ, ಬಜ್ಪೆಯ ದಾರಿ ಎರಡೂವರೆ ಗಂಟೆ

ಮಂಗಳೂರು–ಬೆಂಗಳೂರು ವಿಮಾನದ ವೇಳಾಪಟ್ಟಿಯಲ್ಲಿ ಪ್ರಯಾಣದ ಅವಧಿ ಒಂದು ಗಂಟೆಯ ಆಸುಪಾಸು. ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಗೂ ಬೆಂಗಳೂರಿನ ನಿಲ್ದಾಣವಿರುವ ದೇವನಹಳ್ಳಿಗೂ ನೇರ ದೂರ ಸುಮಾರು 300 ಕಿ.ಮೀ. ಮಂಗಳೂರಿನವರಿಗೆ ಇಷ್ಟು ಲೆಕ್ಕ ಸಾಕು. ಸುಳ್ಯ, ಕಡಬದವರಿಗೆ ಸಾಲದು.

ನಕ್ಷೆ ಬಿಡಿಸಿ ನೋಡಿದರೆ ಕಾರಣ ಕಾಣುತ್ತದೆ. ಸುಳ್ಯದಿಂದ ಬೆಂಗಳೂರು ನಗರಕ್ಕೆ ನೇರ ದೂರ 250 ಕಿ.ಮೀ.ಯೂ ಇಲ್ಲ. ವಿಮಾನ ಹಿಡಿಯಬೇಕಾದರೆ ಮಾತ್ರ ಬೆಂಗಳೂರಿಗೆ ಬೆನ್ನು ಹಾಕಿ, ಪುತ್ತೂರು, ಮಾಣಿ, ಬಿ.ಸಿ.ರೋಡ್ ದಾಟಿ ಪಶ್ಚಿಮಕ್ಕೆ 80 ಕಿ.ಮೀ.ಗಿಂತ ಹೆಚ್ಚು ಹೋಗಬೇಕು. ಆಮೇಲೆ ಪಶ್ಚಿಮ ಘಟ್ಟವನ್ನು ಆಕಾಶದಲ್ಲಿ ದಾಟಿ ಪೂರ್ವಕ್ಕೆ ಬರಬೇಕು.

ಬೆಳಿಗ್ಗೆ ಏಳರ ವಿಮಾನ ಎಂದಿಟ್ಟುಕೊಳ್ಳೋಣ. ಚೆಕ್‌-ಇನ್ ಕೌಂಟರ್ ಆರಕ್ಕೇ ಮುಚ್ಚುತ್ತದೆ. ಐದೂವರೆಗೆ ಬಜ್ಪೆಯಲ್ಲಿರಬೇಕಾದರೆ ಸುಳ್ಯದ ಮನೆಯ ಅಂಗಳದಲ್ಲಿ ಮೂರು ಗಂಟೆಗೆ ಕಾರು ಸ್ಟಾರ್ಟ್ ಆಗಬೇಕು. ಎಂಟಕ್ಕೆ ದೇವನಹಳ್ಳಿ. ಬ್ಯಾಗು ಕೈಗೆ ಬಂದು, 35 ಕಿ.ಮೀ. ದೂರದ ಮೆಜೆಸ್ಟಿಕ್‌ ತಲುಪುವಾಗ ಹತ್ತರ ಹತ್ತಿರ. ಒಟ್ಟು ಏಳು ಗಂಟೆ! ಮಡಿಕೇರಿ–ಮೈಸೂರು ದಾರಿಯ ರಾತ್ರಿ ಬಸ್ಸೂ ಹೆಚ್ಚುಕಡಿಮೆ ಇಷ್ಟೇ ಹೊತ್ತು ತೆಗೆದುಕೊಳ್ಳುತ್ತದೆ, ಅದೂ ಮಲಗಿಸಿಕೊಂಡು. 2008ರ ಮೇ ತಿಂಗಳವರೆಗೆ ವಿಮಾನ ಬೆಂಗಳೂರಿನ ಎಚ್‌.ಎ.ಎಲ್‌.ನಲ್ಲೇ ಇಳಿಯುತ್ತಿತ್ತು. ನಿಲ್ದಾಣ ದೇವನಹಳ್ಳಿಗೆ ಹೋದ ಮೇಲೆ ಆ ಕಡೆಯ ದಾರಿಯೂ ಉದ್ದವಾಯಿತು.

ಪುತ್ತೂರಿನವರು ಸ್ವಲ್ಪ ಅನುಕೂಲಸ್ಥರು. ಬಿ.ಸಿ.ರೋಡ್‌ನಿಂದ ಪೊಳಲಿ, ಕೈಕಂಬದ ಮೂಲಕ ಮಂಗಳೂರು ಪೇಟೆ ಮುಟ್ಟದೆ ಬಜ್ಪೆ ಸೇರಬಹುದು. ಊರಲ್ಲೇ ಕಬಕ ಪುತ್ತೂರು ರೈಲು ನಿಲ್ದಾಣವೂ ಇದೆ.

ಕಡಬ ತಾಲ್ಲೂಕಿಗೆ ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣವೇ ಆಸರೆ. ಅಲ್ಲಿಂದ ಸಕಲೇಶಪುರಕ್ಕೆ 55 ಕಿ.ಮೀ., ನಡುವೆ 57 ಸುರಂಗಗಳು. ಐವತ್ತು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೇರುವ ಏರು. ವೇಗ ಗಂಟೆಗೆ 30 ಕಿ.ಮೀ. ದಾಟುವಂತಿಲ್ಲ. ವಿಮಾನ ಇಡೀ ರಾಜ್ಯವನ್ನು ದಾಟುವ ಹೊತ್ತಿನ ದುಪ್ಪಟ್ಟು ಈ ಒಂದು ಘಾಟಿಗೇ ಹೋಗುತ್ತದೆ. 2021ರಿಂದ ಹಗಲು ರೈಲಿಗೆ ವಿಸ್ಟಾಡೋಮ್ ಬೋಗಿ ಬಂದಿದೆ. ಪ್ರವಾಸಿಗರಿಗೆ ಅದು ಸೊಗಸು, ಆಸ್ಪತ್ರೆಗೋ ಸಂದರ್ಶನಕ್ಕೋ ಹೊರಟವರಿಗೆ ಗಡಿಯಾರವೇ ಮುಖ್ಯ.

ಹಾಗೆಂದು ವಿಮಾನ ಬೇಡವೆನ್ನಲಾಗದು, ನೆಲದ ದಾರಿಗಳೇ ಕೈಕೊಡುವುದುಂಟು. 2018ರ ಆಗಸ್ಟ್‌ ಮಳೆಗೆ ಶಿರಾಡಿ ಘಾಟಿ ರಸ್ತೆಯಲ್ಲಿ ಗುಡ್ಡ ಜರಿಯಿತು, ಜೋಡುಪಾಲದಲ್ಲಿ ಮಡಿಕೇರಿ ರಸ್ತೆಯೇ ಕೊಚ್ಚಿಹೋಯಿತು, ಘಾಟಿಯ ರೈಲೂ ನಿಂತಿತು. ಘಟ್ಟದ ಮೇಲಿನ ಊರುಗಳು ವಾರಗಟ್ಟಲೆ ದೂರವಾದವು.

ಗಲ್ಫ್‌ನಲ್ಲಿ ದುಡಿಯುವವರ ಮನೆಗಳಲ್ಲಿ ಲೆಕ್ಕ ಇನ್ನೂ ಬೇರೆ. 2006ರಲ್ಲಿ ಬಜ್ಪೆಯಿಂದ ದುಬೈಗೆ ನೇರ ವಿಮಾನ ಶುರುವಾಯಿತು. 2,400 ಕಿ.ಮೀ.ಗೂ ಹೆಚ್ಚಿನ ಆ ದೂರಕ್ಕೆ ನಾಲ್ಕು ಗಂಟೆ ಸಾಕು. ಸುಳ್ಯದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವವರು ಅಷ್ಟು ಹೊತ್ತಿಗೆ ಮೈಸೂರಿನ ಆಚೀಚೆ ಇರುತ್ತಾರೆ.

ಆದ್ದರಿಂದ ಈ ಮೂರು ತಾಲ್ಲೂಕುಗಳಿಗೆ ಹೊಸ ವಿಮಾನಗಳಿಗಿಂತ ಮೊದಲು ಬೇಕಾದದ್ದು ಮಳೆಗಾಲದಲ್ಲೂ ನೆಚ್ಚಬಹುದಾದ ಘಾಟಿ ರಸ್ತೆ. ಜೊತೆಗೆ ಮುಂಜಾವದ ವಿಮಾನಕ್ಕೆ ಹೊಂದುವಂತೆ ಸುಳ್ಯದಿಂದ ಹೊರಟು, ಪುತ್ತೂರಿನಲ್ಲಿ ಜನ ಹತ್ತಿಸಿಕೊಂಡು, ನೇರ ಬಜ್ಪೆಗೆ ಓಡುವ ಒಂದು ಬಸ್ಸು.